ಕರೆಂಟ್ ಮಡಕೆಯ ಮೇಲಿನ ಹೊಟ್ಟೆಕಿಚ್ಚು

ಈ ಹೊತ್ತು ಬೆಳಿಗ್ಗೆ ಹಿತ್ತಲಿನ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದೆ. ಅಡುಗೆಮನೆಯ ಕಿಟಕಿಯಿಂದ ಹುರುಳಿಕಾಳು ಬೇಯುವ ವಾಸನೆ ಬಂತು. ಹಸಿ ಗೋಣಿಚೀಲ ಬಿಸಿಲಿಗೆ ಒಣಗುವಾಗ ಒಂದು ವಾಸನೆ ಬರುತ್ತದಲ್ಲ, ಅದಕ್ಕೆ ಒಂದು ಚೂರು ಬೆಲ್ಲ ಸೇರಿಸಿದ ಹಾಗೆ ಇರುತ್ತದೆ ಹುರುಳಿಯ ವಾಸನೆ. ಒಲೆಯಲ್ಲಿ ಬೆಂಕಿ ಇರಲಿಲ್ಲ. ಗ್ಯಾಸಿನ ಮೇಲೆ ಪಾತ್ರೆಯೂ ಇರಲಿಲ್ಲ. ಅದು ಕಟ್ಟೆಯ ಮೂಲೆಯಲ್ಲಿ ತನ್ನ ಪಾಡಿಗೆ ಕೂತ ಸ್ಲೋ ಕುಕ್ಕರಿನಿಂದ ಬರುತ್ತಿದ್ದ ವಾಸನೆ. ಕೈಯಲ್ಲಿದ್ದ ಲಂಗವನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟೆ.

ನಿಮ್ಮಲ್ಲಿ ಯಾರಾದರೂ ಒಂದು ಪಾತ್ರೆಯ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೀರಾ? ನಾನು ಪಟ್ಟಿದ್ದೇನೆ, ಅದೂ ವರ್ಷಗಟ್ಟಲೆ. ಹೊಟ್ಟೆಕಿಚ್ಚು ನಮ್ಮ ಸಕಲೇಶಪುರದ ಕಡೆ ಹೊಸದೇನಲ್ಲ. ಬೇಸಿಗೆಯಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂವಿನ ಮಳೆ ಬರುವ ಕಾಲಕ್ಕೆ ಇಲ್ಲಿಗೆ ಬಂದು ನೋಡಿ. ಬೇಲಿಯ ಆಚೆ ಪಕ್ಕದವರ ತೋಟಕ್ಕೆ ಧೋ ಎಂದು ಸುರಿದ ಮಳೆ ನಮ್ಮ ಬೇಲಿಗೆ ಬಂದು ನಿಂತುಬಿಡುತ್ತದೆ. ಆ ಸಂಜೆ ದೊಡ್ಡ ದೊಡ್ಡ ಸಾಹುಕಾರರ ಮುಖವನ್ನೂ ನೋಡಲಾಗುವುದಿಲ್ಲ. ಆದರೆ ಅದು ಮಳೆಯ ಮೇಲಿನ ಹೊಟ್ಟೆಕಿಚ್ಚು, ಅದಕ್ಕೊಂದು ಮರ್ಯಾದೆ ಇದೆ. ನನ್ನದು ಪ್ಲಗ್ಗು, ವೈರು, ಗಾಜಿನ ಮುಚ್ಚಳ ಇರುವ ಒಂದು ಮಡಕೆಯ ಮೇಲಿನದು. ಯಾರ ಹತ್ತಿರ ಹೇಳಿಕೊಳ್ಳಲಿ?

ನಮ್ಮ ಮನೆ ಹಾನುಬಾಳಿನಿಂದ ಸ್ವಲ್ಪ ಮೇಲೆ. ಅಣ್ಣತಮ್ಮಂದಿರು ಒಟ್ಟಿಗೇ ಇರುವ ಮನೆ. ನಾನು ಹಿರಿಯ ಸೊಸೆ. ಮದುವೆಯಾಗಿ ಬಂದ ಸ್ವಲ್ಪ ದಿನಕ್ಕೇ ಅಡುಗೆಮನೆ ನನ್ನ ಕೈಗೆ ಬಂತು. ಬಂತು ಅನ್ನುವುದಕ್ಕಿಂತ ಅತ್ತೆ ಒಂದು ದಿನ ಸೌಟನ್ನು ಕಟ್ಟೆಯ ಮೇಲಿಟ್ಟು ಕಣದ ಕಡೆ ಹೋದರು, ಆಮೇಲೆ ಅದನ್ನು ಮುಟ್ಟಲೇ ಇಲ್ಲ ಅನ್ನಬೇಕು. ಯಾಕೆಂದು ನಾನು ಕೇಳಲಿಲ್ಲ. ಹೊಸ ಹುಡುಗಿ, ಖುಷಿಯಾಗಿ ಸೌಟು ಎತ್ತಿಕೊಂಡೆ. ಕಡುಬು, ಅಕ್ಕಿರೊಟ್ಟಿ, ಕಳಲೆ ಪಲ್ಯ, ಕೋಳಿ ಸಾರು, ಮಳೆಗಾಲದಲ್ಲಿ ಗದ್ದೆ ಏಡಿಯ ಸಾರು, ಯಾವುದಕ್ಕೂ ನೆಂಟರಿಷ್ಟರು ನನ್ನ ಕೈಯನ್ನು ಹೊಗಳದೆ ಹೋದವರಲ್ಲ. ಹೊಗಳದಿದ್ದವರು ಅತ್ತೆ ಒಬ್ಬರೇ. ಚೆನ್ನಾಗಿಲ್ಲ ಎಂದೂ ಹೇಳಿದವರಲ್ಲ. ತಲೆ ತಗ್ಗಿಸಿ ಉಣ್ಣುವರು, ಬೇಕಾದರೆ ತಟ್ಟೆಯನ್ನು ಒಂದು ಚೂರು ಮುಂದಕ್ಕೆ ಸರಿಸುವರು, ನಾನು ಬಡಿಸುವೆ. ಎದ್ದು ಕೈ ತೊಳೆಯುವರು. ಅಲ್ಲಿಗೆ ಮುಗಿಯಿತು. ನಾನು ಪಾತ್ರೆ ತೊಳೆಯುತ್ತಾ, ನಾಳೆ ಇನ್ನೂ ಚೆನ್ನಾಗಿ ಮಾಡಬೇಕು ಅಂದುಕೊಳ್ಳುತ್ತಿದ್ದೆ. ಹೀಗೆ ಎಷ್ಟೋ ನಾಳೆಗಳು ಕಳೆದವು.

ಮೈದುನನಿಗೆ ತಡವಾಗಿ ಮದುವೆಯಾಯಿತು. ನನ್ನ ವಾರಗಿತ್ತಿ ವನಿತ ಆಲೂರಿನ ಕುಂದೂರು ಕಡೆಯ ಹುಡುಗಿ, ಶಾಲೆಯಲ್ಲಿ ವಿಜ್ಞಾನದ ಟೀಚರ್. ಬೆಳಿಗ್ಗೆ ತಿಂಡಿ ತಿಂದು ಜೀಪು ಹತ್ತಿದರೆ ವಾಪಸು ಬರುವುದು ಸಂಜೆಗೆ. ಮನೆಯಲ್ಲಿದ್ದಾಗ ಈರುಳ್ಳಿ ಹೆಚ್ಚುವುದು, ಕಾಯಿ ತುರಿಯುವುದು ಅವಳ ಕೆಲಸ. ಅವಳೂ ಕೇಳಲಿಲ್ಲ, ನಾನೂ ಕೊಡಲಿಲ್ಲ, ಸೌಟು ಇದ್ದಲ್ಲೇ ಇತ್ತು. ಹೀಗಿರುವಾಗ ಒಂದು ಮಳೆಗಾಲದಲ್ಲಿ ಮೈಸೂರಿನ ಅವಳ ಅಕ್ಕ ಬರುತ್ತಾ ಒಂದು ದೊಡ್ಡ ಪೆಟ್ಟಿಗೆ ತಂದಳು. "ನಮ್ಮನೇಲಿ ಇದನ್ನ ಇಡಕ್ಕೆ ಜಾಗಾನೇ ಇಲ್ಲ, ನೀನೇ ಇಟ್ಕೊ" ಎಂದು ತಂಗಿಗೆ ಕೊಟ್ಟಳು.

ಪೆಟ್ಟಿಗೆ ಬಿಚ್ಚಿದಾಗ ನಾವೆಲ್ಲ ಸುತ್ತ ನಿಂತಿದ್ದೆವು. ಒಳಗೆ ಪಿಂಗಾಣಿಯಂಥ ಭಾರದ ಮಡಕೆ, ಮೇಲೆ ಗಾಜಿನ ಮುಚ್ಚಳ, ತಿರುಗಿಸಲು ಒಂದು ಗುಂಡಿ. ಬೆಳಿಗ್ಗೆ ಇಟ್ಟು ಹೋದರೆ ಸಂಜೆಗೆ ತಾನೇ ಬೆಂದಿರುತ್ತದೆ ಎಂದು ವನಿತ ವಿವರಿಸಿದಳು. ಅತ್ತೆ ಅದರ ಹೊಟ್ಟೆ ಮುಟ್ಟಿ ನೋಡಿ, "ಕರೆಂಟ್ ಮಡಕೆ ಅನ್ನು" ಎಂದರು. ಅಂದಿನಿಂದ ಅದೇ ಅದರ ಹೆಸರಾಯಿತು.

ಮೊದಲ ದಿನ ವನಿತ ಮಟನ್ನು, ಹಸಿ ಮಸಾಲೆ, ನಾವು ಒಲೆಯ ಮೇಲೆ ಹಾಕುವಷ್ಟೇ ನೀರು, ಎಲ್ಲವನ್ನೂ ಒಟ್ಟಿಗೆ ತುಂಬಿಸಿ ಶಾಲೆಗೆ ಹೋದಳು. ಸಂಜೆ ಮುಚ್ಚಳ ತೆಗೆದರೆ ಮಾಂಸವೇನೋ ಬೆಂದಿತ್ತು, ಆದರೆ ಸಾರು ನೀರೋ ನೀರು. ಧನಿಯಾ ಹಸಿ ವಾಸನೆ ಹೊಡೆಯುತ್ತಿತ್ತು. ಆ ಮಡಕೆಯಲ್ಲಿ ನೀರು ಆವಿಯಾಗಿ ಹೋಗುವುದಿಲ್ಲವಂತೆ, ಹಾಕಿದ್ದು ಹಾಗೇ ಉಳಿಯುತ್ತದಂತೆ. ನಮ್ಮ ಯಜಮಾನರು ತಟ್ಟೆಯಲ್ಲಿ ಹರಿಯುವುದನ್ನು ರೊಟ್ಟಿಯಿಂದ ಅಡ್ಡಗಟ್ಟುತ್ತಾ, "ಗದ್ದೆಗೆ ನೀರು ಕಟ್ಟಿದಂಗಾಯ್ತಲ್ಲ ಮಾರಾಯ್ತಿ" ಎಂದು ನನ್ನ ಕಿವಿಯಲ್ಲಿ ಉಸುರಿದರು. ಆ ದಿನ ನನ್ನಷ್ಟು ಸುಖವಾಗಿ ಊಟ ಮಾಡಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಎರಡನೇ ಸಲವೂ ಬಡಿಸಿಕೊಂಡೆ.

ಆದರೆ ವನಿತ ಬಿಡುವ ಪೈಕಿ ಅಲ್ಲ. ಈರುಳ್ಳಿ, ಬೆಳ್ಳುಳ್ಳಿ, ಮಸಾಲೆಯನ್ನು ಮೊದಲು ಬಾಣಲೆಯಲ್ಲಿ ಎಣ್ಣೆ ಬಿಡುವವರೆಗೆ ಹುರಿದು ಆಮೇಲೆ ಮಡಕೆಗೆ ಹಾಕಲು ಕಲಿತಳು. ನೀರನ್ನು ಅರ್ಧಕ್ಕರ್ಧ ಇಳಿಸಿದಳು. ಕಾಳನ್ನು ಮೊದಲೇ ಗ್ಯಾಸಿನ ಮೇಲೆ ಚೆನ್ನಾಗಿ ಕುದಿಸಿ ಆಮೇಲೆ ಮಡಕೆಗೆ ಹಾಕುವಳು. ಹುಣಸೆಹುಳಿ ಮೊದಲೇ ಹಾಕಿದರೆ ಕಾಳು ಮೆತ್ತಗಾಗುವುದಿಲ್ಲ ಎಂದು ಅದನ್ನು ಕೊನೆಗೆ ಇಟ್ಟಳು. ತೆಂಗಿನಕಾಯಿಯೂ ಕೊನೆಗೇ. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ, ಆದರೆ ನನ್ನನ್ನು ಕೇಳದೆ ಕಲಿತಳಲ್ಲ ಎಂಬುದು ಒಳಗೆ ಚುಚ್ಚಿತು. ಒಂದು ದಿನ ಗಾಳಿಮಳೆಗೆ ಕರೆಂಟ್ ಹೋಯಿತು. ನಾನು ಕಿಟಕಿಯಲ್ಲಿ ನಿಂತು ಆ ಗಾಳಿಗೆ ಕೈ ಮುಗಿಯುವುದೊಂದು ಬಾಕಿ. ಸಂಜೆ ನೋಡಿದರೆ ಕಡಲೆಕಾಳು ಅಷ್ಟರೊಳಗೇ ಬೆಂದಾಗಿತ್ತು, ಮಡಕೆ ಇನ್ನೂ ಬಿಸಿಯಾಗಿತ್ತು. ಅದಕ್ಕಾದರೂ ಕರೆಂಟ್ ಬೇಕು. ನನ್ನ ಹೊಟ್ಟೆಯ ಕಿಚ್ಚಿಗೆ ಅದೂ ಬೇಕಿರಲಿಲ್ಲ.

ಕಾಫಿ ಕೊಯ್ಲು ಶುರುವಾದ ಮೇಲೆ ಒಂದು ಸಂಜೆ ವನಿತ ಹುರುಳಿಕಟ್ಟಿನ ಸಾರು ಮಾಡಿದಳು. ಬೆಂದ ಹುರುಳಿಯ ರಸ ಬಸಿದು, ಅದಕ್ಕೆ ಒಂದು ಹಿಡಿ ಕಾಳನ್ನೇ ಮಸಾಲೆಯ ಜೊತೆ ರುಬ್ಬಿ ಹಾಕುವ ಸಾರು. ಅದು ನನ್ನ ಸಾರು. ಅಂದರೆ, ಅದನ್ನು ನನ್ನ ಸಾರು ಎಂದು ಊರೇ ಒಪ್ಪಿತ್ತು. ಅತ್ತೆ ಮೊದಲ ತುತ್ತು ಬಾಯಿಗಿಟ್ಟರು. ಅಗಿಯುವುದನ್ನು ನಿಲ್ಲಿಸಿದರು. ಇನ್ನೊಂದು ತುತ್ತು ತೆಗೆದುಕೊಂಡರು. ಆಮೇಲೆ ತಲೆ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಏನ್ ಬೆಂದೈತೆ ಕಣೇ ವನಿತಾ! ನಮ್ಮವ್ವ ಮಾಡ್ತಿದ್ದಂಗೇ ಐತೆ."

ನಾನು ಸೌಟು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅನ್ನ ಬಡಿಸಿದೆನೋ, ಮಜ್ಜಿಗೆ ಬಡಿಸಿದೆನೋ ನೆನಪಿಲ್ಲ. ಆ ಮಾತಿಗೋಸ್ಕರ ನಾನು ಎಷ್ಟು ಸಲ ಕಣ್ಣಲ್ಲಿ ನೀರು ಸುರಿಸಿಕೊಂಡು ಹಸಿ ಸೌದೆ ಊದಿದ್ದೆ! ಎಷ್ಟು ಜ್ವರದಲ್ಲಿ, ಎಷ್ಟು ಹಬ್ಬದಲ್ಲಿ ಆ ತಟ್ಟೆಯ ಮುಂದೆ ಕಾದು ನಿಂತಿದ್ದೆ! ಅದು ಒಂದು ವೈರಿನ ಮಡಕೆಗೆ ಸಿಕ್ಕಿಬಿಟ್ಟಿತು.

ಎರಡು ದಿನ ಬಿಟ್ಟು ನಾನೂ ಹುರುಳಿ ನೆನೆಹಾಕಿದೆ. ಸೌದೆ ಒಲೆ ಹೊತ್ತಿಸಿ, ಬೆಳಿಗ್ಗೆಯಿಂದ ಅದರ ಮುಂದೆಯೇ ಕೂತು, ಒಂದು ಕಿಡಿ ಹೆಚ್ಚಿಲ್ಲ ಒಂದು ಕಿಡಿ ಕಡಿಮೆಯಿಲ್ಲದ ಹಾಗೆ ಬೇಯಿಸಿದೆ. ನನ್ನ ಜೀವಮಾನದಲ್ಲಿ ಅಂಥ ಸಾರು ಮಾಡಿರಲಿಲ್ಲ, ಇದನ್ನು ನಾನೇ ಹೇಳಿಕೊಳ್ಳುತ್ತೇನೆ, ಬೇರೆಯವರು ಹೇಳಲಿಲ್ಲವಲ್ಲ. ಅತ್ತೆ ಉಂಡರು. ತಟ್ಟೆಯನ್ನು ಮುಂದಕ್ಕೆ ಸರಿಸಿದರು. ಮತ್ತೆ ಉಂಡರು, ಎದ್ದು ಹೋದರು. ಯಜಮಾನರು ಮಾತ್ರ ನನ್ನ ಮುಖ ನೋಡಿ, "ಎರಡೂ ಚೆನ್ನಾಗಿದ್ವು ಕಣೇ, ಅದೂ ಚೆನ್ನಾಗಿತ್ತು, ಇದೂ ಚೆನ್ನಾಗಿತ್ತು" ಎಂದರು. ಹೆಂಡತಿಯನ್ನು ಸಮಾಧಾನ ಮಾಡಲು ಹೊರಟ ಗಂಡಸರಿಗೆ ಇದಕ್ಕಿಂತ ಕೆಟ್ಟ ಮಾತು ಸಿಗುವುದು ಕಷ್ಟ.

ಮಾರನೆಯ ದಿನ ಅತ್ತೆ ಮತ್ತು ನಾನು ಕಣದಲ್ಲಿದ್ದೆವು. ಅವರು ಕಾಲಿನಲ್ಲಿ ಕಾಫಿ ಹಣ್ಣನ್ನು ಸಾಲು ಸಾಲಾಗಿ ತಿರುವುತ್ತಿದ್ದರು, ನಾನು ಎಲೆ ಕಡ್ಡಿ ಆರಿಸುತ್ತಿದ್ದೆ. ಕೇಳಬಾರದು ಅಂದುಕೊಂಡೇ ಕೇಳಿಬಿಟ್ಟೆ.

"ಅತ್ತೆ, ನಾನು ಇಷ್ಟು ವರ್ಷ ಮಾಡಿ ಬಡಿಸಿದ್ದು ಒಂದಿನನಾದ್ರೂ ಚೆನ್ನಾಗಿತ್ತಾ?"

ಅತ್ತೆಯ ಕಾಲು ನಿಂತಿತು. ನನ್ನ ಕಡೆ ನೋಡಲಿಲ್ಲ. ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡು ಕಣದ ಅಂಚಿನಲ್ಲಿ ಕೂತರು.

"ನೀನು ಬಂದ ವರ್ಷ ಏಡಿ ಸಾರು ಮಾಡಿದ್ದೆ, ಗ್ಯಾಪ್ಕ ಐತಾ?"

ನನಗೆ ನೆನಪಿರಲಿಲ್ಲ. ಏಡಿ ಸಾರನ್ನು ಎಷ್ಟೋ ಸಲ ಮಾಡಿದ್ದೇನೆ.

"ನಿಮ್ಮ ಮಾವ ಉಂಡು ಕೈ ತೊಳೀತಾ ಅಂದ್ರು, 'ಇಂಥ ಏಡಿ ಸಾರು ನಾನು ಹುಟ್ಟಿದ್ಮೇಲೆ ತಿಂದಿರ್ಲಿಲ್ಲ' ಅಂತ. ನಾನು ಅಲ್ಲೇ ಚೊಂಬು ಹಿಡ್ಕೊಂಡು ಅವರ ಕೈಗೆ ನೀರು ಹಾಕ್ತಿದ್ದೆ ಕಣೇ. ಈ ಮನೆಗೆ ಬಂದ ಲಾಗಾಯ್ತು ಅವರಿಗೆ ಏಡಿ ಸಾರು ಮಾಡಿ ಹಾಕಿದ್ದು ನಾನು. ಒಂದಿನ ಒಂದು ಮಾತು ಅಂದವರಲ್ಲ. ಅವತ್ತು ನಂಗೆ ಹೊಟ್ಟೆ ಉರಿದ್ಬುಡ್ತು. ಮಾರ್ನೇ ದಿನ ಸೌಟು ಇಟ್ಟು ಬಂದ್ಬುಟ್ಟೆ."

ಮಾವ ತೀರಿಕೊಂಡು ಆಗಲೇ ವರ್ಷಗಳಾಗಿದ್ದವು. ಅವರಿಗೆ ತಾವು ಆಡಿದ ಮಾತು ಕೈ ತೊಳೆದ ನೀರಿನ ಜೊತೆಗೇ ಮರೆತಿರಬೇಕು. ಇಲ್ಲಿ ಅದು ಇಬ್ಬರು ಹೆಂಗಸರ ನಡುವೆ ಇಷ್ಟು ಕಾಲ ಕೂತಿತ್ತು.

"ಹಂಗಾದ್ರೆ ವನಿತಂಗೆ ಮಾತ್ರ ಅಷ್ಟು ಸಲೀಸಾಗಿ ಹೇಳಿದ್ರಲ್ಲ?" ಎಂದೆ. ಇಷ್ಟು ಕೇಳಿದ ಮೇಲೂ ನನಗೆ ಬೇಕಾಗಿದ್ದು ಅದೇ.

ಅತ್ತೆ ಆಶ್ಚರ್ಯಪಟ್ಟು ನನ್ನ ಕಡೆ ತಿರುಗಿದರು. "ಅದು ಮಿಷನ್ ಬೇಯಿಸಿದ್ದಲ್ವೇನೇ? ಅದನ್ನ ಹೊಗಳಕ್ಕೆ ನಂಗೇನು ಕಷ್ಟ? ಅದೇನು ನನ್ನ ಸೊಸೆಯಾ?"

ನನಗೆ ನಗು ಬಂತು, ಅಳುವೂ ಬಂತು. "ಈಗ್ಲಾದ್ರೂ ಒಂದ್ಸಲ ಹೇಳ್ಬುಡಿ ಅತ್ತೆ" ಎಂದು ಮಗುವಿನ ಹಾಗೆ ಕೇಳಿದೆ.

ಅವರು ಬಾಯಿ ತೆರೆದರು. ನಿಜವಾಗಿಯೂ ಪ್ರಯತ್ನ ಮಾಡಿದರು, ಅದನ್ನು ನಾನು ಕಂಡೆ. ಆಮೇಲೆ ತಲೆ ಅಲ್ಲಾಡಿಸಿ ಎದ್ದರು. "ಇಲ್ಲ ಕಣೇ, ಬರಾಕಿಲ್ಲ. ಗಂಟ್ಲಲ್ಲೇ ನಿಂತ್ಕತದೆ." ಮತ್ತೆ ಕಾಫಿ ತಿರುವಲು ಹೋದರು. ಸ್ವಲ್ಪ ಹೊತ್ತಿಗೆ ಇಬ್ಬರೂ ಸಾಲಿನ ಆ ತುದಿ ಈ ತುದಿಯಲ್ಲಿ ನಿಂತು ನಗುತ್ತಿದ್ದೆವು. ಕಾಫಿ ಹರವುತ್ತಿದ್ದ ಆಳುಗಳು ಅತ್ತೆ ಸೊಸೆಗೆ ಏನಾಯಿತು ಎಂದು ತಿರುಗಿ ನೋಡಿದರು.

ಅತ್ತೆ ಈಗ ಇಲ್ಲ. ಆ ಮಾತನ್ನು ಹೇಳದೆಯೇ ಹೋದರು. ಕೊನೆಯ ದಿನಗಳಲ್ಲಿ ಗಂಜಿ ಕುಡಿಸುವಾಗ ನನ್ನ ಮಣಿಕಟ್ಟನ್ನು ಹಿಡಿದುಕೊಂಡೇ ಕುಡಿಯುತ್ತಿದ್ದರು. ಅದರಲ್ಲಿ ಆ ಮಾತು ಇತ್ತು ಎಂದು ನಾನು ಹೇಳಿಕೊಳ್ಳಬಹುದು. ಆದರೆ ಸುಳ್ಳು ಯಾಕೆ? ನನಗೆ ಮಾತೇ ಬೇಕಿತ್ತು.

ಅವರ ವರ್ಷದ ಕಾರ್ಯಕ್ಕೆ ನೆಂಟರೆಲ್ಲ ಬಂದಿದ್ದರು. ಕಾರ್ಯ ಮುಗಿದ ಮಾರನೆಯ ದಿನ ಉಳಿದವರಿಗೆ ವನಿತ ತನ್ನ ಮಡಕೆಯಲ್ಲಿ ಮಟನ್ ಸಾರು ಮಾಡಿದಳು. ಉಂಡವರೆಲ್ಲ ಎದ್ದು ಬಂದು ಮಡಕೆಯ ಸುತ್ತ ನಿಂತರು. ಒಬ್ಬರು ಗಾಜಿನ ಮುಚ್ಚಳ ಎತ್ತಿದರು, ಒಬ್ಬರು ಗುಂಡಿ ತಿರುಗಿಸಿದರು. "ಏನ್ ಕುಕ್ಕರ್ ಕಣ್ರೀ, ಇದೆಲ್ಲಿ ಸಿಗ್ತದೆ?" ಅವರು ಹೋದ ಮೇಲೆ ವನಿತ ಅದನ್ನು ತೊಳೆಯುತ್ತಾ ಯಾರಿಗೂ ಅಲ್ಲವೆಂಬಂತೆ ಹೇಳಿದಳು.

"ಎಲ್ರೂ ಮಡಕೇನೇ ಹೊಗಳ್ತಾರೆ ಅಕ್ಕ. ಮಸಾಲೆ ಹುರಿದ ಕೈ ಯಾರಿಗೂ ಕಾಣಲ್ಲ. ಒಂದೊಂದ್ಸಲ ಈ ಮಡಕೆ ಮೇಲೆ ನಂಗೇ ಹೊಟ್ಟೆಕಿಚ್ಚಾಗ್ತದೆ."

ನಾನು ಪಕ್ಕದಲ್ಲೇ ಬಟ್ಟೆ ಹಿಡಿದು ಪಾತ್ರೆ ಒರೆಸುತ್ತಿದ್ದೆ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದೆ. ಬರಲಿಲ್ಲ. ಅತ್ತೆ ಕಣದಲ್ಲಿ ಹೇಳಿದ್ದು ಸುಳ್ಳಲ್ಲ, ಅದು ಗಂಟಲಲ್ಲೇ ನಿಲ್ಲುತ್ತದೆ. ಒಂದು ಮುಳ್ಳಿನ ಹಾಗೆ ಅಲ್ಲೇ ಅಡ್ಡ ಕೂತುಬಿಡುತ್ತದೆ. "ಆ ತಟ್ಟೆ ಇತ್ಲಾಗೆ ಕೊಡು" ಎಂದೆ.

ಅದಾಗಿ ಎಷ್ಟೋ ಭಾನುವಾರಗಳು ಹೋದವು. ಈ ಹೊತ್ತೂ ಭಾನುವಾರ. ಬಟ್ಟೆ ಹರವಿ ಒಳಗೆ ಬಂದೆ. ಮಧ್ಯಾಹ್ನ ಗಂಡಸರು ಉಂಡು ಎದ್ದ ಮೇಲೆ ನಾವಿಬ್ಬರೂ ಕೂತೆವು. ವನಿತ ನನ್ನ ತಟ್ಟೆಗೆ ಬಿಸಿ ಕಡುಬು ಹಾಕಿ ಮೇಲೆ ಹುರುಳಿಕಟ್ಟಿನ ಸಾರು ಬಿಟ್ಟಳು. ಒಂದು ತುತ್ತು ತಿಂದೆ. ಹೊಟ್ಟೆಯೊಳಗೆ ಆ ಹಳೆಯ ಉರಿ ಒಂದು ಸಲ ಎದ್ದಿತು. ನನ್ನದಕ್ಕಿಂತ ಅದು ಚೆನ್ನಾಗಿತ್ತು. ಈಗಲೂ ಚೆನ್ನಾಗಿತ್ತು. ಇನ್ನೊಂದು ತುತ್ತು ನುಂಗಿ, ತಟ್ಟೆ ನೋಡಿಕೊಂಡೇ, ಜಗಳಕ್ಕೆ ಹೊರಟವಳ ದನಿಯಲ್ಲಿ ಹೇಳಿಬಿಟ್ಟೆ.

"ಚೆನ್ನಾಗಿ ಮಾಡಿದ್ದೀಯ ಕಣೇ. ಮಡಕೆ ಅಲ್ಲ, ನೀನು. ನಂಗೆ ಹಿಂಗೆ ಮಾಡಕ್ಕೆ ಬರಲ್ಲ."

ಕಡುಬು ಮುರಿಯುತ್ತಿದ್ದ ವನಿತ ಕೈ ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಎಡಗೈಯನ್ನು ಸೀರೆಗೆ ಒರೆಸಿಕೊಂಡು, ಹತ್ತಿರ ಸರಿದು ನನ್ನ ಹಣೆ ಮುಟ್ಟಿದಳು.

"ಯಾಕಕ್ಕ, ಮೈ ಹುಷಾರೈತಾ?"