ನಾಗಲಮಡಿಕೆಯ ಮಂಡಿನೋವು

ನಾನು ಮಹಿಳಾ ಕಬಡ್ಡಿ ತಂಡವೊಂದರ ತರಬೇತುದಾರ. ಹೋದ ವರ್ಷ ಶಿರಾ, ಕೊರಟಗೆರೆ ಪಂದ್ಯ ಮುಗಿಸಿ ನಾಗಲಮಡಿಕೆಗೆ ಬರುವಷ್ಟರಲ್ಲಿ ನಮ್ಮ ಮುಖ್ಯ ರೈಡರ್ ಪದ್ಮಾಳ ಮಂಡಿ ಊದಿತ್ತು. ಮಾರನೆಯ ದಿನ ಮಧುಗಿರಿಯಲ್ಲಿ ಫೈನಲ್. ನಾಗಲಮಡಿಕೆಯ ಪಂದ್ಯ ಸೋತರೂ ನಡೆಯುತ್ತಿತ್ತು. ಹಾಗಾಗಿ ಅವಳನ್ನು ಅಂಕಣದ ಹೊರಗೆ ಕುರ್ಚಿ ಹಾಕಿ ಕೂರಿಸಿದೆ.

ಪಂದ್ಯ ಏರ್ಪಡಿಸಿದ್ದ ನಾಗಪ್ಪ ಗಡಿಯೂರಿನ ತೆಲುಗು ಬೆರೆಸಿ ಸಿಟ್ಟಾದರು. "ಏಮಿ ಸಾರ್, ಎಲ್ಲಾ ಊರಾಗೂ ಆಡ್ಸಿ ನಮ್ಮೂರಾಗೆ ಕೂರಿಸ್ತೀರಾ? ನಾವಂದ್ರೆ ಅಷ್ಟು ಚುಲಕನಾ, ಅಷ್ಟು ಸದರನಾ?"

"ಮಂಡಿನೋವು ಕಣಣ್ಣ," ಅಂದೆ.

ಅದು ಪಕ್ಕದಲ್ಲಿದ್ದ ಹೆಂಗಸರ ಕಿವಿಗೆ ಬಿತ್ತು. "ಅಯ್ಯೋ, ಊರಿಗೆ ಬಂದ ಹೆಣ್ಮಗಳು ಹಿಂಗೆ ನೋವು ತಿನ್ಕಂಡು ಕೂತಿರೋದಾ!" ಅಂತ ಒಬ್ಬರು ಹರಳೆಣ್ಣೆ ಬಿಸಿ ಮಾಡಿ ತಂದು ನೀವಿದರು. ಇನ್ನೊಬ್ಬರು ಕಾಲು ಸೂಪು ತಂದರು. ಮತ್ತೊಬ್ಬರು ಮುದ್ದೆ, ನಾಟಿಕೋಳಿ ಸಾರು. ಕೊನೆಗೆ ಎದುರಾಳಿ ತಂಡದ ನಾಯಕಿಯೇ ವಿರಾಮದಲ್ಲಿ ಬಂದು ಕಾಯಿ ಹೋಳಿಗೆ ತಿನ್ನಿಸಿ ಹೋದಳು. ಬೇಡ ಅಂದರೆ ಯಾರು ಕೇಳುತ್ತಾರೆ?

ಮಧುಗಿರಿಯಲ್ಲಿ ಪದ್ಮಾಳ ಮಂಡಿ ಸರಿಯಾಗಿತ್ತು. ಹೊಟ್ಟೆ ಮಾತ್ರ ಇನ್ನೂ ಭಾರ. ಉಸಿರು ಹಿಡಿದು ಎರಡು ಸಲ 'ಕಬಡ್ಡಿ' ಅನ್ನಲು ಅವಳಿಗೆ ಆಗಲಿಲ್ಲ, ಫೈನಲ್ ಸೋತೆವು.

ಈ ವರ್ಷ ಮತ್ತೆ ನಾಗಲಮಡಿಕೆ ಪಂದ್ಯ ಅಂದಕೂಡಲೇ ತಂಡದ ಹನ್ನೆರಡೂ ಜನರಿಗೆ ಮಂಡಿನೋವು. ನಿಜ ಹೇಳಬೇಕೆಂದರೆ, ನನಗೂ ಸ್ವಲ್ಪ ಇದೆ.