ಭಾವನವರ ಬಣ್ಣದ ವಿಮಾನ

ಅಂಚು ಝಗಮಗ, ಒಡಲು ಜಾಳು. ನಮ್ಮ ಬಟ್ಟೆ ವ್ಯಾಪಾರದಲ್ಲಿ ಇಂಥ ಸರಕನ್ನು ಗಾಜಿನ ಕಪಾಟಿನಲ್ಲಿಟ್ಟು ತೋರಿಸುತ್ತಾರೆ, ಮುಟ್ಟಲು ಬಿಡುವುದಿಲ್ಲ. ನಮ್ಮ ಭಾವನವರನ್ನೂ ಮದುವೆಗೆ ಮೊದಲು ಯಾರೂ ಮುಟ್ಟಿ ನೋಡಲಿಲ್ಲ. ಎತ್ತರ ಇದೆ, ಮೀಸೆ ಇದೆ, ಗಂಟಲಂತೂ ಇದೆ ಎಂದು ಅಕ್ಕನನ್ನು ಕೊಟ್ಟುಬಿಟ್ಟರು. ಮಿಕ್ಕಿದ್ದು ಎಲ್ಲಿದೆಯೆಂದು ಅಕ್ಕ ಅಂದಿನಿಂದ ಹುಡುಕುತ್ತಲೇ ಇದ್ದಳು.

ಭಾವನವರದು ಬಣ್ಣದ ಅಂಗಡಿ. ಡಬ್ಬದ ತಳದಲ್ಲಿ ಉಳಿದದ್ದು ಒಣಗಿಹೋಗುವುದನ್ನು ಕಂಡರೆ ಅವರ ಹೊಟ್ಟೆ ಉರಿಯುತ್ತದೆ. ಹಾಗಾಗಿ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಒಂದು ಕೈ ಬಳಿದುಬಿಡುತ್ತಾರೆ. ಅವರ ಮನೆಯ ಅಡುಗೆಕೋಣೆಯ ಕಿಟಕಿ ಚೌಕಟ್ಟಿಗೆ ಅಂಟಿಕೊಂಡು ಎಷ್ಟೋ ವರ್ಷವಾಯಿತು. ಅಕ್ಕ ಹಿತ್ತಲ ಬಾಗಿಲು ತೆರೆದಿಟ್ಟುಕೊಂಡು ಒಗ್ಗರಣೆ ಹಾಕುತ್ತಾಳೆ. ಕರೆಗಂಟೆಯ ಗುಂಡಿ ಒಮ್ಮೆ ಒಳಗೆ ಹೋದರೆ ಹೊರಗೆ ಬರುವುದಿಲ್ಲ. ಕೇಳಿದರೆ, "ಹೊಳಪು ನೋಡೇ, ಹೊಳಪು!" ಎನ್ನುತ್ತಾರೆ.

ಇಂಥವರ ಕೈಗೆ ಒಂದು ವಿಮಾನ ಸಿಕ್ಕಿತು. ಅಜ್ಜನ ಕಾಲದ, ಎರಡು ಸೀಟಿನ, ಪುಟ್ಟ ವಿಮಾನ. ಕ್ಲಬ್ಬಿನ ಶೆಡ್ಡಿನ ಮೂಲೆಯಲ್ಲಿ ಇಲಿ ಸಾಕಿಕೊಂಡಿದ್ದ ಅದನ್ನು ಭಾವನವರು ರಿಪೇರಿ ಮಾಡಿಸಿದರು, ಹಾರಲು ಕಲಿತರು, ಲೈಸೆನ್ಸೂ ಪಡೆದರು. ಇನ್ನು ಮುಂದೆ ತಮ್ಮನ್ನು 'ಕ್ಯಾಪ್ಟನ್' ಎಂದೇ ಕರೆಯಬೇಕೆಂದು ಅಂಗಡಿಯ ಆಳುಗಳಿಗೆ ಅಪ್ಪಣೆಯಾಯಿತು. ಆಳುಗಳು ಎದುರಿಗೆ ಕ್ಯಾಪ್ಟನ್ ಎಂದರು, ಬೆನ್ನ ಹಿಂದೆ ಡಬ್ಬ ಎಂದರು.

ಆ ವಿಮಾನದಲ್ಲಿ ಪೆಟ್ರೋಲ್ ಎಷ್ಟಿದೆಯೆಂದು ತೋರಿಸಲು ಮುಳ್ಳೂ ಇಲ್ಲ, ದೀಪವೂ ಇಲ್ಲ. ಮುಂದಿನ ಗಾಜಿನಾಚೆ, ಮೂತಿಯ ಮೇಲೆಯೇ ಟ್ಯಾಂಕಿನ ಮುಚ್ಚಳ. ಒಳಗೆ ಬೆಂಡಿನ ತುಂಡೊಂದು ತೇಲುತ್ತದೆ. ಅದಕ್ಕೆ ಚುಚ್ಚಿದ ತಂತಿ ಮುಚ್ಚಳದ ತೂತಿನಿಂದ ಹೊರಗೆ ತಲೆಯೆತ್ತಿ ನಿಲ್ಲುತ್ತದೆ. ಪೆಟ್ರೋಲ್ ಇಳಿದಷ್ಟೂ ತಂತಿ ಕೆಳಗಿಳಿಯುತ್ತದೆ. ಕುರಿ ಕಾಯುವವನಿಗೂ ಅರ್ಥವಾಗುವ ಏರ್ಪಾಡು.

ಹಾರಾಟ ಕಲಿಸುವ ಹಳೆಯ ಶಾಲೆಯೊಂದಕ್ಕೆ ನೂರು ವರ್ಷ ತುಂಬಿತು. ಹಳೆಯ ವಿಮಾನಗಳೆಲ್ಲ ಹಾರಿಕೊಂಡೇ ಬಂದು ಅಲ್ಲಿ ಸೇರಬೇಕು, ಮೊದಲು ಇಳಿದವರಿಗೆ ಮೊದಲು ಮೈಕು ಎಂದು ಸುದ್ದಿ ಬಂತು. ಮೈಕು ಎಂದ ಮೇಲೆ ಭಾವನವರನ್ನು ಹಿಡಿಯುವವರು ಯಾರು? ಕನ್ನಡಿಯ ಮುಂದೆ ಭಾಷಣ ಒಪ್ಪಿಸಿದರು. ವಿಮಾನಕ್ಕೆ ಮೂತಿಯಿಂದ ಬಾಲದವರೆಗೆ ಕೆಂಪು ಬಳಿದರು. ಕೈಯಲ್ಲಿ ಹಳದಿ ಮಿಕ್ಕಿತ್ತು. ಆ ತಂತಿಗೂ ಬಳಿದರು.

ಹೊರಡುವ ದಿನ ಮೋಡ ಮರದ ತುದಿಗೆ ತಾಗುವಂತಿತ್ತು. ಮಧ್ಯಾಹ್ನದವರೆಗೆ ಕಾಯಿರಿ ಎಂದು ಹವಾಮಾನದ ಆಫೀಸಿನವರು ಫೋನಿನಲ್ಲಿ ಹೇಳಿದರು.

"ಮಧ್ಯಾಹ್ನ ಹೋದ್ರೆ ನೂರೊಂದು ವರ್ಷ ಆಗ್ಬಿಡುತ್ತಾ?" ಎಂದಳು ಅಕ್ಕ.

"ಆಕಾಶದ ವಿಷಯ ನಿನಗೇನೇ ಗೊತ್ತು? ಹತ್ತು, ಹತ್ತು. ಕ್ಯಾಮೆರಾ ಮರೀಬೇಡ."

ಅಕ್ಕ ಮುಂದೆ ಕೂತಳು, ಓಡಿಸುವ ಭಾವ ಹಿಂದೆ. ಎದುರುಗಾಳಿ, ಜಡಿಮಳೆ. ಮೋಡ ಸುತ್ತಿ, ಮಳೆ ತಪ್ಪಿಸಿ ಹೋಗುವುದರಲ್ಲಿ ದಾರಿ ಹಾವಿನ ಹಾಗೆ ಬೆಳೆಯಿತು. ಅರ್ಧ ದಾರಿಯಲ್ಲಿ ಪೆಟ್ರೋಲ್ ಹಾಕಿಸಿಕೊಳ್ಳಲೆಂದೇ ಒಂದು ಮೈದಾನ ಗೊತ್ತುಮಾಡಿದ್ದರು. ಉಳಿದ ವಿಮಾನಗಳು ಒಂದೊಂದಾಗಿ ಅಲ್ಲಿ ಇಳಿದವು.

"ರೀ, ನಾವು ಇಳಿಯಲ್ವಾ?" ಅಕ್ಕ ಇಂಜಿನ್ ಸದ್ದಿನ ಮೇಲೆ ಕೂಗಿದಳು.

"ಆ ಹಳದಿ ಕಡ್ಡಿ ನೋಡು! ಹೊರಟಾಗ ಎಷ್ಟಿತ್ತೋ ಅಷ್ಟೇ ಇದೆ. ಅವರದೆಲ್ಲಾ ಕುಡುಕ ಇಂಜಿನ್ನು ಕಣೇ. ನಂದು ಮೂಸಿ ನೋಡಿಯೇ ಓಡುತ್ತೆ!"

ವ್ಯಾಪಾರಿಯಾದವನು ತನ್ನ ಸರಕನ್ನು ಗಿರಾಕಿಗೆ ಹೊಗಳಬೇಕು. ಆ ಹೊಗಳಿಕೆಯನ್ನು ತಾನೇ ನಂಬಿದರೆ ಅಂಗಡಿ ಮುಚ್ಚಬೇಕಾಗುತ್ತದೆ. ಭಾವನವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಗುಡ್ಡ ಹತ್ತಿರವಾಯಿತು. ಅದರಾಚೆಗೇ ಸಭೆಯ ಮೈದಾನ. ಗುಡ್ಡದ ನೆತ್ತಿಗೂ ಮೋಡಕ್ಕೂ ನಡುವೆ ಒಂದು ಸಂದು ತೆರೆದಿತ್ತು. ಗಾಳಿ ವಿಮಾನವನ್ನು ಮೊರದಲ್ಲಿ ಕಾಳು ಕೇರಿದ ಹಾಗೆ ಕೇರುತ್ತಿತ್ತು. ಅಕ್ಕನ ಕಣ್ಣು ಆ ಹಳದಿ ತಂತಿಯ ಮೇಲೆ ನಿಂತಿತು.

"ರೀ, ಈ ಕುಲುಕಾಟಕ್ಕೆ ನನ್ನ ಹಲ್ಲೆಲ್ಲಾ ಅಲ್ಲಾಡ್ತಿವೆ. ಈ ಕಡ್ಡಿ ಮಾತ್ರ ಯಾಕೆ ಅಲ್ಲಾಡ್ತಿಲ್ಲ?"

ಹಿಂದಿನಿಂದ ಮಾತಿಲ್ಲ. ಭಾವನವರು ಸುಮ್ಮನಿರುವುದೆಂದರೆ ಮನೆಯ ಗೋಡೆ ಮಾತಾಡಿದಷ್ಟೇ ಅಪರೂಪ. ಅಕ್ಕ ತಿರುಗಿ ನೋಡಿದಳು.

"ಅದಕ್ಕೂ ಬಣ್ಣ ಹಚ್ಚಿದೀನಿ ಕಣೇ. ತೂತಿಗೆ ಅಂಟ್ಕೊಂಡಿದೆ."

"ಅಯ್ಯೋ! ಹಾಗಾದ್ರೆ ಒಳಗೆ ಎಷ್ಟಿದೆ?"

"ಗೊತ್ತಿಲ್ಲ."

ಇಂಜಿನ್ ಇನ್ನೂ ಓಡುತ್ತಲೇ ಇತ್ತು. ಎದುರಿಗೆ ಸಂದು, ಸಂದಿನಾಚೆ ಶಾಮಿಯಾನ, ಚಪ್ಪಾಳೆ. ಕೆಳಗೆ ಜೋಳ ಕೊಯ್ದ ಹೊಲ, ಹೊಲಕ್ಕೆ ಅಡ್ಡಲಾಗಿ ಎತ್ತರದ ಬದು. ಅಲ್ಲಿ ಇಳಿದರೆ ವಿಮಾನ ಉಳಿಯುವುದಿಲ್ಲವೆಂದು ಅಕ್ಕನಿಗೂ ಕಾಣುತ್ತಿತ್ತು. ಇವರು ಗುಡ್ಡ ದಾಟುತ್ತಾರೆ ಎಂದೇ ಅವಳು ಅಂದುಕೊಂಡಳು. ಅವರನ್ನು ಬಲ್ಲ ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು.

"ಬೆಲ್ಟ್ ಬಿಗಿ ಮಾಡ್ಕೋ. ತಲೆ ತಗ್ಗಿಸು," ಎಂದರು ಭಾವ. ವಿಮಾನ ತಿರುಗಿಸಿ ಕೆಳಗಿಳಿಸಿದರು, ಹೊಲ ಮುಟ್ಟುವ ಮೊದಲು ಇಂಜಿನ್ ಆರಿಸಿದರು. ಚಕ್ರ ಬದುವಿಗೆ ಬಡಿದು ಮುರಿಯಿತು, ಮುಂದಿನ ಫ್ಯಾನು ಸೀಳಿಹೋಯಿತು, ಬಲಗಡೆಯ ರೆಕ್ಕೆಗೆ ಹೊದಿಸಿದ್ದ ಬಟ್ಟೆ ಉದ್ದಕ್ಕೂ ಹರಿದು ಮಳೆಯಲ್ಲಿ ಪಟಪಟ ಹೊಡೆದುಕೊಂಡಿತು. ಅಕ್ಕನ ಮೊಣಕೈ ತರಚಿತ್ತು, ಅಷ್ಟೆ.

ಅವಳು ಕೆಳಗಿಳಿದು ಮುಚ್ಚಳ ತಿರುಚಿ ತೆಗೆದಳು. ತಂತಿ ಮುಚ್ಚಳದ ಜೊತೆಗೇ ಕಚ್ಚಿಕೊಂಡು ಬಂತು. ಜೋಳದ ದಂಟೊಂದನ್ನು ಟ್ಯಾಂಕಿನೊಳಗೆ ಇಳಿಬಿಟ್ಟು ನೋಡಿದಳು. ತುದಿಗೆ ಮಾತ್ರ ಪೆಟ್ರೋಲ್ ವಾಸನೆ ಹತ್ತಿತ್ತು.

ಹಾಲಿನ ವ್ಯಾನಿನಲ್ಲಿ ಕೂತು ಗುಡ್ಡದಾಚೆ ತಲುಪುವ ಹೊತ್ತಿಗೆ ಭಾವನವರಿಗೆ ಗಂಟಲು ವಾಪಸು ಬಂದಿತ್ತು. "ಹದ್ದು ಬಡೀತು ಕಣ್ರೀ! ಇಷ್ಟಗಲ ರೆಕ್ಕೆ!" ಎಂದು ಕೈ ಚಾಚಿದರು. ಕೇಳುವವರು ಹೆಚ್ಚಿದಂತೆ ಕೈ ಇನ್ನೂ ಅಗಲವಾಯಿತು. ಹದ್ದಿನ ಕೃಪೆಯಿಂದ ಮೈಕೂ ಸಿಕ್ಕಿತು. ಅಕ್ಕ ಪಕ್ಕದಲ್ಲೇ ನಿಂತು ತಲೆ ಒರೆಸಿಕೊಂಡಳೇ ಹೊರತು ತುಟಿ ಬಿಚ್ಚಲಿಲ್ಲ. ಈಗ ಕೇಳಿದರೆ ಹದ್ದುಗಳು ಎರಡಾಗಿವೆ. ಮುರುಕು ವಿಮಾನ ಶೆಡ್ಡಿಗೆ ಮರಳಿದೆ; ಭಾವನವರು ವಾರಕ್ಕೊಮ್ಮೆ ಹೋಗಿ ಅದಕ್ಕೆ ಬಣ್ಣ ಹಚ್ಚಿ ಬರುತ್ತಾರೆ.

ನಿಜ ಹೇಳಿದವಳು ಅಕ್ಕ, ನನ್ನ ಅಂಗಡಿಯಲ್ಲಿ ಪರದೆಯ ಬಟ್ಟೆ ಆರಿಸುತ್ತಾ. "ಗುಡ್ಡ ದಾಟೇ ದಾಟ್ತಾರೆ ಅಂದ್ಕೊಂಡಿದ್ದೆ ಕಣೋ," ಎಂದು ಬಟ್ಟೆಯ ಇನ್ನೊಂದು ತಾನನ್ನು ಎಳೆದುಕೊಂಡಳು.

ಭಾವನವರು ಜಂಬಗಾರರು, ಸುಳ್ಳುಗಾರರು. ಈ ಮಾತನ್ನು ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಅವಳು ಇವತ್ತು ಬದುಕಿರುವುದಕ್ಕೆ ನಾನು ಭಾವನವರಿಗೆ ಋಣಿ.