ಕಾಜಕ್ಕನ ತಮ್ಮನಿಗೆ ಸಹಿ ಬರುತ್ತದೆ

ಕಚೇರಿಯ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡು ಹತ್ತೊಂಬತ್ತು ವರ್ಷದಿಂದ ಜನರ ಅರ್ಜಿ ಬರೆದುಕೊಡುತ್ತಿದ್ದೇನೆ. ಮೊದಲು ಟೈಪ್‌ರೈಟರ್ ಇತ್ತು, ಈಗ ಕಂಪ್ಯೂಟರೂ ಪ್ರಿಂಟರೂ ಬಂದಿವೆ, ನನ್ನ ಹೆಸರು ಮಾತ್ರ ಟೈಪಣ್ಣ ಎಂದೇ ಉಳಿದಿದೆ. ಇಲ್ಲಿ ಕೂತವನಿಗೆ ಕಷ್ಟ ಕೇಳಿ ಕೇಳಿ ಕಿವಿ ದಪ್ಪವಾಗುತ್ತದೆ. ಯಾರು ಬಂದು ಗೋಳೋ ಎಂದು ಅತ್ತರೂ ನಾನು ಕೇಳುವುದು ಒಂದೇ: "ವಿಳಾಸ ಹೇಳಿ." ಇಂಥ ನನಗೂ ಕಾಜಕ್ಕನ ಕಾಗದ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಸಿಕ್ಕಿಕೊಳ್ಳಬೇಕಾದ್ದೇ. ಆ ಕೆಲಸದಲ್ಲಿ ನನ್ನ ಕೈಯೂ ಇದೆ.

ಕಾಜಕ್ಕ ಅನ್ನುವುದು ಅವಳ ಹೆಸರಲ್ಲ. ಅಂಗಿಯ ಗುಂಡಿ ತೂರಿಸುವ ತೂತಿಗೆ ದರ್ಜಿಗಳು ಕಾಜಾ ಎನ್ನುತ್ತಾರೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಅದೊಂದನ್ನೇ ಹೊಲಿದವಳು. ಪೂರ್ತಿ ಅಂಗಿಯೊಂದನ್ನು ಹೊಲಿಯಲು ನನಗೆ ಈಗಲೂ ಬರುವುದಿಲ್ಲ ಎಂದು ತಾನೇ ಹೇಳಿಕೊಂಡು ನಗುತ್ತಾಳೆ. ಕಾರ್ಖಾನೆಯವರು ಪಕ್ಕದ ರಾಜ್ಯದಲ್ಲಿ ಬಾಗಿಲು ಮುಚ್ಚಿ ಇಲ್ಲಿ ತೆರೆದಾಗ ಹಳೆಯ ಕೆಲಸಗಾರರಿಗೆ ಬರುವುದಾದರೆ ಬನ್ನಿ ಎಂದರು. ಹದಿನಾಲ್ಕು ಜನ ಬಂದರು. ಉಳಿದವರು ಹೆಂಡತಿ ಮಕ್ಕಳನ್ನೋ ಗಂಡನನ್ನೋ ಕರೆತಂದರು, ಇವಳು ತಮ್ಮನ ಕೈ ಹಿಡಿದುಕೊಂಡು ಬಂದಳು.

ತಮ್ಮನಿಗೆ ಮೂವತ್ತೆಂಟು ವರ್ಷ. ಮೈ ಬೆಳೆದಿತ್ತು, ಬುದ್ಧಿ ಐದಾರು ವರ್ಷಕ್ಕೇ ನಿಂತಿತ್ತು. ಇಸ್ತ್ರಿಪೆಟ್ಟಿಗೆ ಸುಡುತ್ತದೆ ಎಂದು ಎಷ್ಟು ಹೇಳಿದರೂ ಮತ್ತೆ ಅಂಗೈ ಇಟ್ಟು ನೋಡುವವನು. ಆದರೆ ಅಂಗಿಯ ಜೇಬಿಗೆ ಸದಾ ಒಂದು ಪೆನ್ನು ಸಿಕ್ಕಿಸಿಕೊಂಡು ಎದೆ ಮುಂದೆ ಮಾಡಿ ನಡೆಯುತ್ತಿದ್ದ. ಅದಕ್ಕೇ ಬೀದಿಯವರು ಅವನನ್ನು ಸಾಹೇಬ ಎಂದು ಕರೆಯುತ್ತಿದ್ದರು. ಪೆನ್ನು ಬರೀ ಶೋಕಿಗಲ್ಲ, ಅವನಿಗೆ ಸಹಿ ಬರುತ್ತಿತ್ತು.

ಅದನ್ನು ಕಲಿಸಿದವಳು ಅಕ್ಕ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ, ಕಾರ್ಖಾನೆಯ ಕಸದಲ್ಲಿ ಕಪ್ಪು ಬಟ್ಟೆಯ ತುಂಡುಗಳನ್ನು ಆರಿಸಿ ತಂದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಅವನ ಬೆರಳಿಗೆ ಕೊಟ್ಟು, ಮೇಲೆ ತನ್ನ ಕೈ ಇಟ್ಟು ತಿದ್ದಿಸಿದಳು. ಬರೆದದ್ದನ್ನು ಕೊಡವಿದರೆ ಬಟ್ಟೆ ಮತ್ತೆ ಹಲಗೆಯಾಗುತ್ತಿತ್ತು. ಮೊದಲ ಅಕ್ಷರಕ್ಕೆ ಎರಡು ವರ್ಷ ಹಿಡಿಯಿತಂತೆ, ಪೂರ್ತಿ ಹೆಸರಿಗೆ ಹನ್ನೊಂದು. ಜೊತೆಗೆ ಹೆಸರು, ಮನೆ ನಂಬರು, ಬೀದಿ, ಅಕ್ಕ ಕೆಲಸ ಮಾಡುವ ಕಾರ್ಖಾನೆ, ಇಷ್ಟನ್ನು ಯಾರು ಕೇಳಿದರೂ ಗಟ್ಟಿಯಾಗಿ ಹೇಳುವುದನ್ನು ಬಾಯಿಪಾಠ ಮಾಡಿಸಿದಳು. ಎಲ್ಲಾದರೂ ತಪ್ಪಿಸಿಕೊಂಡರೆ ಮನೆ ಸೇರಲಿ ಎಂದು. ಇಲ್ಲಿಗೆ ಬಂದ ಮೇಲೆ ಹೊಸ ನಂಬರು, ಹೊಸ ಬೀದಿಯನ್ನು ಮತ್ತೆ ಮೊದಲಿನಿಂದ ಬಾಯಿಪಾಠ ಮಾಡಿಸಿದಳು. ಯಾಕಕ್ಕ ಮದುವೆಯಾಗಲಿಲ್ಲ ಎಂದು ಒಮ್ಮೆ ಕೇಳಿದೆ. "ಪುರುಸೊತ್ತೆಲ್ಲಿತ್ತು ಟೈಪಣ್ಣ? ಗಂಡು ನೋಡೋಕೆ ಬಂದಾಗ ಇವನಿನ್ನೂ ಮೂರನೇ ಅಕ್ಷರದಲ್ಲಿದ್ದ" ಎಂದಳು.

ಇಲ್ಲಿಗೆ ಬಂದ ತಿಂಗಳೊಳಗೆ ಅವಳು ತನ್ನದೂ ತಮ್ಮನದೂ ಎಲ್ಲ ಕಾಗದಪತ್ರಗಳಲ್ಲಿ ವಿಳಾಸ ಬದಲಾಯಿಸಿಕೊಂಡಳು. ಹಾಗೆ ಮಾಡಬೇಕೆಂದು ಕಚೇರಿಯ ಗೋಡೆ ಮೇಲೆ ಬರೆದಿದೆ. ಗೋಡೆ ಮೇಲೆ ಬರೆದದ್ದನ್ನು ಓದಿ ಹಾಗೇ ನಡೆದುಕೊಂಡವರನ್ನು ನಾನು ನೋಡಿದ್ದು ಅದೇ ಮೊದಲು. ಹಳೆಯ ರಾಜ್ಯದವರಿಗೂ ತಾನಾಗಿಯೇ ಕಾಗದ ಬರೆದು ತಿಳಿಸಿದಳು. ಅಲ್ಲಿಂದ ಇಂಗ್ಲಿಷಿನಲ್ಲಿ ಒಂದು ಉತ್ತರ ಬಂತು. ರಸೀದಿ ಇರಬೇಕು ಅಂದುಕೊಂಡು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟಳು.

ಅದು ರಸೀದಿಯಲ್ಲ ಎಂದು ಗೊತ್ತಾದದ್ದು ತಮ್ಮನ ಕಣ್ಣಿಗೆ ತೊಂದರೆ ಬಂದಾಗ. ಅವನ ಎಡಗಣ್ಣು ಮೊದಲೇ ಹೋಗಿತ್ತು, ಈಗ ಬಲಗಣ್ಣಿನಲ್ಲೂ ಒತ್ತಡ ಏರಿತ್ತು. ನಾಲ್ಕು ತಿಂಗಳೊಳಗೆ ಆಪರೇಷನ್ ಆಗಬೇಕು ಎಂದರು ಕಣ್ಣಿನ ಡಾಕ್ಟರು. "ಹೋದದ್ದು ವಾಪಸ್ ಬರಲ್ಲಮ್ಮ. ಇರೋದನ್ನ ಉಳಿಸಬಹುದು, ಅದೂ ಬೇಗ ಮಾಡಿದ್ರೆ." ಒಪ್ಪಿಗೆಯ ಕಾಗದಕ್ಕೆ ಅಕ್ಕ ಸಹಿ ಮಾಡಲು ಹೋದಳು. ಇವನು ಪ್ರಾಯದವನು, ನೀವು ಸಹಿ ಮಾಡಬೇಕಾದರೆ ಪಾಲಕತ್ವ ಪತ್ರ ಬೇಕು ಎಂದರು. ಇದೆಯಲ್ಲ, ಎಂದು ಹೆಮ್ಮೆಯಿಂದ ಚೀಲ ಬಿಚ್ಚಿದಳು. ಹಳೆಯ ರಾಜ್ಯದ ಪತ್ರವೂ ಇತ್ತು, ಅದರ ಹಿಂದೆ ಆ 'ರಸೀದಿ'ಯೂ ಇತ್ತು. ನೀವು ನಮ್ಮ ರಾಜ್ಯದ ನಿವಾಸಿಗಳಲ್ಲದ ಕಾರಣ ಸದರಿ ಪತ್ರವನ್ನು ರದ್ದುಪಡಿಸಲಾಗಿದೆ ಎಂದು ಅದರಲ್ಲಿ ಬರೆದಿತ್ತು. ಕೈಯಾರೆ ಕಾಗದ ಹಾಕಿ ರದ್ದು ಮಾಡಿಸಿಕೊಂಡಿದ್ದಳು ಪುಣ್ಯಾತ್ಗಿತ್ತಿ. ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಆಗ ನನ್ನ ಮೇಜಿನ ಮುಂದೆ ಬಂದು ಕೂತಳು. ಹೊಸ ಪತ್ರಕ್ಕೆ ಅರ್ಜಿ ಬರೆದುಕೊಟ್ಟೆ. ವಾಸದ ದೃಢೀಕರಣ, ಅಫಿಡವಿಟ್ಟು, ಮೂರು ಮೂರು ಜೆರಾಕ್ಸು, ಇಬ್ಬರ ಫೋಟೋ. ಕಿಟಕಿ ಕಿಟಕಿಗೆ ಅಲೆದು ಅವಳ ಚಪ್ಪಲಿಯ ಹಿಮ್ಮಡಿ ಸವೆಯಿತು. ಅರ್ಧ ದಿನದ ರಜೆ ಕೇಳಿ ಕೇಳಿ ಮೇಸ್ತ್ರಿಯ ಹತ್ತಿರ ಮುಖ ತೋರಿಸಲಾರದಂತಾಯಿತು. ಐದು ವಾರದ ಮೇಲೆ ಸಮಿತಿಯ ಮುಂದೆ ತಮ್ಮನನ್ನು ಹಾಜರುಪಡಿಸಿ ಎಂದು ಕರೆ ಬಂತು.

ಸಮಿತಿಯಲ್ಲಿ ಮೂವರು: ಒಬ್ಬ ಅಧಿಕಾರಿ, ಒಬ್ಬ ಡಾಕ್ಟರು, ಮತ್ತೊಬ್ಬರು ನಿವೃತ್ತ ಶಿಕ್ಷಕಿ. ನಕಲುಗಳನ್ನು ಹಿಡಿದುಕೊಂಡು ನಾನೂ ಬಾಗಿಲ ಬಳಿ ನಿಂತಿದ್ದೆ. ಕಾಜಕ್ಕ ತಮ್ಮನಿಗೆ ಅವತ್ತು ತಲೆ ಬಾಚಿ, ಇಸ್ತ್ರಿ ಅಂಗಿ ತೊಡಿಸಿ ತಂದಿದ್ದಳು. ದೊಡ್ಡವರ ಮುಂದೆ ಚೆನ್ನಾಗಿ ಕಾಣಲಿ ಎಂಬ ಆಸೆ. ಎಂಥ ಹುಚ್ಚು ಆಸೆ!

"ಹೆಸರೇನಪ್ಪಾ?" ಎಂದರು ಅಧಿಕಾರಿ. ಅವನು ಎದ್ದು ನಿಂತು ಹೆಸರು, ಮನೆ ನಂಬರು, ಬೀದಿ, ಕಾರ್ಖಾನೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಮೂವರೂ ಮುಖ ಮುಖ ನೋಡಿಕೊಂಡರು. ಹಾಜರಿ ಪುಸ್ತಕ ಮುಂದಿಟ್ಟು "ಇಲ್ಲಿ ಹೆಬ್ಬೆಟ್ಟು ಒತ್ತಿಸಿ" ಎಂದರು. ಸಾಹೇಬನಿಗೆ ಅವಮಾನವಾಯಿತು. ಜೇಬಿನ ಪೆನ್ನು ತೆಗೆದು, ಕಣ್ಣನ್ನು ಕಾಗದದ ಹತ್ತಿರಕ್ಕೆ ತಂದು, ನಾಲಿಗೆ ಕಚ್ಚಿ ಸಹಿ ಮಾಡಿದ. ಮಾಡಿ ಮೊದಲು ನೋಡಿದ್ದು ಅಕ್ಕನ ಮುಖ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅಧಿಕಾರಿ ಭೇಷ್ ಎಂದರು. ಶಿಕ್ಷಕಿಯಂತೂ ಎದ್ದು ಬಂದು ಅವನ ಬೆನ್ನು ತಟ್ಟಿದರು.

ವಾರದ ಮೇಲೆ ಆದೇಶ ಬಂತು. ಓದಿ ಹೇಳಿದವನು ನಾನು. "ಸದರಿಯವರು ತಮ್ಮ ಹೆಸರು, ವಿಳಾಸ ತಿಳಿಸಿ, ಸ್ವಹಸ್ತದಿಂದ ಸಹಿ ಮಾಡಿರುವುದರಿಂದ ಪಾಲಕರ ಅಗತ್ಯ ಕಂಡುಬಂದಿಲ್ಲ. ಅರ್ಜಿ ವಜಾ."

"ವಜಾ ಅಂದ್ರೆ?" ಎಂದಳು.

"ಕೊಡಲ್ಲ ಅಂತ."

"ಯಾಕೆ? ಚೆನ್ನಾಗಿ ಮಾಡಿದ್ನಲ್ಲ?"

ಅವಳೇ ಸ್ವಲ್ಪ ಯೋಚಿಸಿ, ಹಾಗಾದರೆ ಅವನ ಸಹಿಯೇ ಸಾಕು ಅಂತಾಯಿತಲ್ಲ ಎಂದು ಆದೇಶ ಹಿಡಿದುಕೊಂಡು ಆಸ್ಪತ್ರೆಗೆ ಓಡಿದಳು. ಡಾಕ್ಟರು ತಮ್ಮನನ್ನು ಎದುರಿಗೆ ಕೂರಿಸಿಕೊಂಡು, "ಆಪರೇಷನ್ ಮಾಡಿದ್ರೆ ಏನಾಗುತ್ತೆ, ಮಾಡದಿದ್ರೆ ಏನಾಗುತ್ತೆ, ಗೊತ್ತಾ?" ಎಂದು ಕೇಳಿದರಂತೆ. ಅವನು ಗಟ್ಟಿಯಾಗಿ ತನ್ನ ಹೆಸರೂ ಮನೆ ನಂಬರೂ ಹೇಳಿದನಂತೆ. "ಇವರ ಸಹಿ ತಗೊಂಡ್ರೆ ನಾಳೆ ನನ್ನ ಕೈಗೆ ಕೋಳ ಬೀಳುತ್ತಮ್ಮ. ಆ ಪತ್ರ ತಂದುಬಿಡಿ, ಮಾರನೇ ದಿನವೇ ಮಾಡ್ತೀನಿ" ಎಂದು ಡಾಕ್ಟರು ಕೈ ಮುಗಿದರು. ಅವರದ್ದೂ ತಪ್ಪಲ್ಲ. ಸಮಿತಿಯದ್ದೂ ತಪ್ಪಲ್ಲ. ಎಲ್ಲರೂ ಸರಿಯಾಗಿಯೇ ಇದ್ದರು, ಕಣ್ಣೊಂದು ಹೋಗುತ್ತಿತ್ತು ಅಷ್ಟೆ. ಅಷ್ಟರಲ್ಲಿ ಅವನು ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳಲು ಶುರುಮಾಡಿದ್ದ.

ಮರುಪರಿಶೀಲನೆಗೆ ಹಾಕಬಹುದು ಎಂದೆ. ಮತ್ತೆ ಸಮಿತಿ ಕರೆಯುತ್ತದೆ. "ಕರೆದು?" ಎಂದಳು.

ನನ್ನ ಬಾಯಿ ಮೊದಲೇ ಕೆಟ್ಟದ್ದು. "ಹೋದ ಸಲ ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಿ ಅಕ್ಕಾ. ಈ ಸಲ ಅವನಿಗೆ ಏನೂ ಬರಬಾರದು. ಹೆಸರೂ ಬರಬಾರದು, ಸಹಿಯೂ ಬರಬಾರದು" ಎಂದುಬಿಟ್ಟೆ.

ಕಾಗದಗಳನ್ನು ಮೇಜಿನಿಂದ ಬಾಚಿಕೊಂಡು ಎದ್ದಳು. "ನಿಮ್ಮ ಬಾಯಿಗೆ ಹುಳ ಬೀಳ" ಎಂದಳು. ಪಕ್ಕದ ಜೆರಾಕ್ಸಿನವನು ಕೂಡ ತಿರುಗಿ ನೋಡಿದ. ನಾಲ್ಕು ದಿನ ಇತ್ತ ಸುಳಿಯಲಿಲ್ಲ. ಐದನೆಯ ದಿನ ಬಂದು, ನನ್ನ ಮುಖ ನೋಡದೆ, "ಬರೀರಿ" ಎಂದಳು.

ಆರು ವಾರಕ್ಕೆ ದಿನ ಗೊತ್ತಾಯಿತು. ಆ ಆರು ವಾರ ಮನೆಯಲ್ಲಿ ಏನು ನಡೆಯಿತೆಂದು ಸರದಿಗೆ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದಾಗ ಹೇಳಿದಳು. ತಮ್ಮ ಆಚೆ ಕೊನೆಯಲ್ಲಿ ಗೋಡೆಗೆ ಒರಗಿದ್ದ. ಅವನ ಜೇಬಿನಲ್ಲಿ ಪೆನ್ನಿರಲಿಲ್ಲ.

"ಹೆಸರೇನು ಅಂತ ಕೇಳ್ತೀನಿ, ಹೇಳ್ತಾನೆ. ಹೇಳ್ಬೇಡ ಅಂತೀನಿ. ನಂಗೆ ಕೇಳಿಸ್ಲಿಲ್ಲ ಅಂದ್ಕೊಂಡು ಇನ್ನೂ ಗಟ್ಟಿಯಾಗಿ ಹೇಳ್ತಾನೆ. ಸೀಮೆಸುಣ್ಣ ಬಚ್ಚಿಟ್ಟೆ, ನೆಲದ ಮೇಲೆ ಬೆರಳಲ್ಲಿ ಬರೀತಾನೆ. ಪೆನ್ನು ಕಿತ್ಕೊಂಡೆ, ದಿನಾ ಬೆಳಿಗ್ಗೆ ಎದ್ದು ಜೇಬು ತಡಕ್ತಾನೆ. ಒಂಬತ್ತನೇ ದಿನ ಹೊಡೆದೆ ಟೈಪಣ್ಣ. ಹನ್ನೊಂದು ವರ್ಷ ಕಲಿಸ್ವಾಗ ಒಂದು ಏಟು ಹಾಕಿರ್ಲಿಲ್ಲ. ಅಳ್ಲಿಲ್ಲ ಅವ್ನು. ಸರಿಯಾಗಿ ಬರೀಲಿಲ್ಲ ಅಂತ ಹೊಡೆದೆ ಅಂದ್ಕೊಂಡು, ಮತ್ತೆ ನೆಟ್ಟಗೆ ಕೂತು ಬರೆಯೋಕೆ ಶುರುಮಾಡ್ದ."

ಆಮೇಲೂ ಹೊಡೆದಳಂತೆ.

ಒಳಗೆ ಅದೇ ಮೂವರಿದ್ದರು. "ಬಾಪ್ಪಾ ಬಾ, ಹೆಸರೇನು ಹೇಳು" ಎಂದು ಶಿಕ್ಷಕಿ ಅಕ್ಕರೆಯಿಂದ ಕೇಳಿದರು. ಅವನ ತುಟಿ ಅಲುಗಾಡಿತು. ಅಕ್ಕನ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಅವನು ಬಾಯಿ ಮುಚ್ಚಿದ. ಮನೆ ಎಲ್ಲಿ ಎಂದು ಕೇಳಿದರು, ಇಲ್ಲ. ಇವರು ನಿನಗೆ ಏನಾಗಬೇಕು ಎಂದು ಅಕ್ಕನನ್ನು ತೋರಿಸಿ ಕೇಳಿದರು, ಅದಕ್ಕೂ ಇಲ್ಲ. ಅಧಿಕಾರಿ ಪೆನ್ನು ಮುಂದೆ ಹಿಡಿದಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಹಿಂದೆ ಸರಿದು ಗೋಡೆಗೆ ತಾಗಿ ನಿಂತ. ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲೂ ಕೈ ಮುಂದೆ ತರಲಿಲ್ಲ.

ಸಮಿತಿಯ ಡಾಕ್ಟರು ಬರೆದುಕೊಂಡರು: ಕಳೆದ ಭೇಟಿಯ ನಂತರ ಸ್ಥಿತಿ ಗಣನೀಯವಾಗಿ ಹದಗೆಟ್ಟಿದೆ. ಪಾಲಕರ ಅಗತ್ಯವಿದೆ. ಸೀಲು ಅಲ್ಲೇ ಬಿತ್ತು.

ಹೊರಡುವಾಗ ಶಿಕ್ಷಕಿ ಕಾಜಕ್ಕನನ್ನು ಹತ್ತಿರ ಕರೆದರು. ಒಳ್ಳೆಯ ಹೆಂಗಸು, ಮನಸ್ಸಿಗೆ ನೋವಾಗಿಯೇ ಹೇಳಿದರು. "ಹೋದ ಸಲ ಎಷ್ಟು ಚೆನ್ನಾಗಿದ್ದನಮ್ಮ. ದಿನಾ ಒಂದರ್ಧ ಗಂಟೆ ಜೊತೇಲಿ ಕೂತು ಹೇಳಿಕೊಡಬೇಕಿತ್ತು. ಹೀಗೆ ಕೈ ಬಿಟ್ಟುಬಿಡಬಾರದು."

"ಆಯ್ತು ಮೇಡಂ" ಎಂದಳು ಕಾಜಕ್ಕ. ಅಷ್ಟೇ ಎಂದಳು. ನನಗೆ ಆ ಮೇಜನ್ನು ಎತ್ತಿ ಬೀಳಿಸುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ, ಆ ಕೋಣೆಯಲ್ಲಿ ಸಿಟ್ಟು ಮಾಡಿಕೊಳ್ಳಬೇಕಾದವನು ಇದ್ದದ್ದು ಬಾಗಿಲ ಬಳಿ, ಕೈಯಲ್ಲಿ ನಕಲು ಹಿಡಿದುಕೊಂಡು.

ಆಪರೇಷನ್ ಆಯಿತು. ಕಣ್ಣಿನ ಡಾಕ್ಟರು ಮಾತಿಗೆ ತಪ್ಪಲಿಲ್ಲ. ಕಣ್ಣು ಉಳಿಯಿತು.

ತಿಂಗಳ ಮೇಲೆ ಒಂದು ಮಧ್ಯಾಹ್ನ ಕಾಜಕ್ಕ ತಮ್ಮನನ್ನು ಕರೆದುಕೊಂಡು ಬಂದಳು. ಹಿಂದಿನ ದಿನ ಅವಳು ಕೆಲಸದಲ್ಲಿದ್ದಾಗ ಅವನು ಮನೆಯಿಂದ ಹೊರಗೆ ಹೋಗಿ ದಾರಿ ತಪ್ಪಿದ್ದ. ಮೂರು ಬೀದಿ ಆಚೆ ಅಂಗಡಿಯವರು ಹಿಡಿದು ಕೂರಿಸಿ ಹೆಸರು ಕೇಳಿದ್ದಾರೆ. ಕೈ ಹಿಂದೆ ಕಟ್ಟಿಕೊಂಡು ನಿಂತನಂತೆ, ಬಾಯಿ ಬಿಡಲಿಲ್ಲ. ಪೊಲೀಸರು ಬಂದು ಕೇಳಿದರು, ಆಗಲೂ ಬಿಡಲಿಲ್ಲ. ಸಂಜೆಯವರೆಗೆ ಹಾಗೇ ಇದ್ದ. ಅಕ್ಕ ಊರೆಲ್ಲಾ ಹುಡುಕಿ ಕೊನೆಗೆ ಠಾಣೆಯಲ್ಲಿ ಕಂಡಳು.

"ಪತ್ರ ಬಂತಲ್ಲ ಟೈಪಣ್ಣ. ಇನ್ನು ಅವನಿಗೆ ಮತ್ತೆ ಹೇಳಿಕೊಡಬಹುದಾ? ಅದರಲ್ಲಿ ಏನಾದ್ರೂ ಬರೆದಿದೆಯಾ, ಸ್ವಲ್ಪ ನೋಡಿ ಹೇಳಿ" ಎಂದಳು.

ಪತ್ರ ತಿರುವಿದೆ. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಇತ್ತು: ಈ ಪತ್ರ ಎರಡು ವರ್ಷ ಮಾತ್ರ ಊರ್ಜಿತ, ನವೀಕರಣಕ್ಕಾಗಿ ಸದರಿಯವರನ್ನು ಸಮಿತಿಯ ಮುಂದೆ ಖುದ್ದು ಹಾಜರುಪಡಿಸತಕ್ಕದ್ದು. ಕಣ್ಣಿಗೆ ಮುಂದೆಯೂ ಚಿಕಿತ್ಸೆ ಬೇಕು, ಅದಕ್ಕೂ ಈ ಪತ್ರವೇ ಬೇಕು. ಸುಳ್ಳು ಹೇಳಿಬಿಡೋಣ ಅನ್ನಿಸಿತು. ಈ ಮೇಜಿನ ಮುಂದೆ ಎಷ್ಟೋ ಸುಳ್ಳು ಬರೆದಿದ್ದೇನೆ. ಇದೊಂದನ್ನು ಹೇಳಲು ಬಾಯಿ ಬರಲಿಲ್ಲ, ಇದ್ದದ್ದನ್ನು ಓದಿದೆ.

ಅವಳು ಪತ್ರ ಮಡಚಿ ಮತ್ತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ.

"ಕಲಿಸ್ಬಹುದು. ಇನ್ನೊಂದ್ಸಲ ಮರೆಸೋಕೆ ನನ್ನ ಕೈಲಾಗಲ್ಲ" ಎಂದಳು. "ಒಂದು ಚೀಟಿ ಮಾಡಿಕೊಡಿ. ಅವನ ಹೆಸರು, ಮನೆ ನಂಬರು, ಬೀದಿ. ದಪ್ಪ ಕಾಗದದಲ್ಲಿ. ದಾರ ಕಟ್ಟಿ ಕುತ್ತಿಗೆಗೆ ಹಾಕ್ತೀನಿ."

ಟೈಪ್ ಮಾಡಿದೆ. ಅವನು ನನ್ನ ಭುಜದ ಹಿಂದೆ ನಿಂತು, ಉಳಿದ ಒಂದು ಕಣ್ಣಿನಿಂದ, ತನ್ನ ಹೆಸರು ಒಂದೊಂದೇ ಅಕ್ಷರವಾಗಿ ಪರದೆಯ ಮೇಲೆ ಮೂಡುವುದನ್ನು ನೋಡುತ್ತಿದ್ದ. ಮಾತಾಡಲಿಲ್ಲ. ಒಂದು ಕಳೆದುಹೋದರೆ ಇನ್ನೊಂದು ಇರಲಿ ಎಂದು ಅಕ್ಕ ಎರಡು ಪ್ರತಿ ಕೇಳಿದಳು. ತೆಗೆದುಕೊಟ್ಟೆ.